ರಬ್ಬರ್ ಹಾಕಿದ ಮನೆ

ಬಸ್ ಡಿಪೋದ ಮೆಕ್ಯಾನಿಕ್‌ನ ಹೆಂಡತಿಗೆ ಒಂದು ಹುಚ್ಚಿತ್ತು. ಕೈಯಲ್ಲಿ ಕೆಲಸ ಶುರುವಾಯಿತೆಂದರೆ ಬಾಯಲ್ಲಿ ಪದ ಶುರುವಾಗಬೇಕು. ಬೇರೆ ಯಾರೋ ಕಟ್ಟಿದ ಹಾಡಲ್ಲ, ಆ ಹೊತ್ತಿಗೆ ಕಣ್ಣಿಗೆ ಬಿದ್ದದ್ದರ ಮೇಲೆ ಅವಳೇ ಕಟ್ಟಿದ್ದು. ಈರುಳ್ಳಿ ಹೆಚ್ಚಿದರೆ ಈರುಳ್ಳಿಯ ಮೇಲೆ, ನೆಲ ಒರೆಸಿದರೆ ನೆಲದ ಮೇಲೆ. ಅಡುಗೆಮನೆಯ ನಲ್ಲಿ ಸೋರಿದರೆ ಅದಕ್ಕೂ ಒಂದು:

ನಲ್ಲಿಯಮ್ಮ ನಲ್ಲಿಯಮ್ಮ ಯಾಕೆ ಅಳ್ತೀಯ,
ಮೆಕ್ಯಾನಿಕ್ಕಿನ ಮನೇಲಿದ್ದೂ ಯಾಕೆ ಸೋರ್ತೀಯ!

ದನಿ ಅಂಥ ಚೆಂದವೇನಲ್ಲ, ಸ್ವಲ್ಪ ಒಡಕು. ಇನ್ನೊಮ್ಮೆ ಹೇಳು ಅಂದರೆ ಅವಳಿಗೇ ನೆನಪಿರುತ್ತಿರಲಿಲ್ಲ. ಮಗಳು ಅವಳಿಗೆ ‘ಮನೆ ರೇಡಿಯೋ’ ಅಂತ ಹೆಸರಿಟ್ಟಿದ್ದಳು. ಮದುವೆಯಾಗಿ ಬಂದಾಗಿನಿಂದ ಯಾರೂ ಅವಳನ್ನು ಹಾಡು ಅಂದಿರಲಿಲ್ಲ, ಹಾಡಬೇಡ ಅಂತಲೂ ಅಂದಿರಲಿಲ್ಲ. ಗೋಡೆ ಗಡಿಯಾರದ ಸದ್ದಿನ ಹಾಗೆ ಅದು ಮನೆಯಲ್ಲಿ ಇತ್ತು.

ಆ ಸದ್ದು ನಿಜವಾಗಿ ಬೇಕಾಗಿದ್ದದ್ದು ಒಬ್ಬರಿಗೆ, ಅವಳ ಮಾವನಿಗೆ. ಮಾವ ಅಂಗಡಿಗಳ ಬೋರ್ಡು ಬರೆಯುತ್ತಿದ್ದವರು. ಏಣಿಯ ಮೇಲೆ ನಿಂತು, ಗೆರೆ ಎಳೆದುಕೊಳ್ಳದೆಯೇ ನೇರ ಬರೆಯುತ್ತಿದ್ದ ಕೈ. ಕಣ್ಣು ಮಬ್ಬಾಗಿ ಕುಂಚ ಕೆಳಗಿಟ್ಟು ವರ್ಷಗಳಾಗಿದ್ದವು. ಮುದುಕರಿಗೆ ಇನ್ನೂ ಅಷ್ಟಿಷ್ಟು ಕಾಣುತ್ತದೆ ಅಂತ ಮನೆಯವರೆಲ್ಲ ನಂಬಿದ್ದರು. ಏನೂ ಕಾಣುತ್ತಿರಲಿಲ್ಲ. ಹಗಲೋ ಇರುಳೋ ಅನ್ನುವುದೂ ತಿಳಿಯುತ್ತಿರಲಿಲ್ಲ. ಹೇಳಿದ ದಿನವೇ ಮಗ ಕುರ್ಚಿಯಲ್ಲಿ ಕೂರಿಸಿ ‘ಇಲ್ಲಿಂದ ಏಳಬೇಡಿ’ ಅನ್ನುತ್ತಾನೆ ಅಂತ ಅವರಿಗೆ ಗೊತ್ತಿತ್ತು, ಅದಕ್ಕೇ ಹೇಳಿರಲಿಲ್ಲ. ಸೊಸೆಯ ಪದ ಹಿಡಿದುಕೊಂಡು ಅವರು ಮನೆಯೆಲ್ಲ ಓಡಾಡುತ್ತಿದ್ದರು. ಅವಳು ಎಲ್ಲಿ ಹಾಡುತ್ತಾಳೋ ಅಲ್ಲಿ ಅಡುಗೆಮನೆ, ಎಲ್ಲಿ ದನಿ ಗವ್ವೆನ್ನುತ್ತದೋ ಅಲ್ಲಿ ಬಚ್ಚಲು. ಸ್ಟೂಲು ದಾರಿಯಲ್ಲಿದ್ದರೆ ಸ್ಟೂಲಿನ ಮೇಲೂ ಅವಳ ಪದವೊಂದು ಬಂದಿರುತ್ತಿತ್ತು. ಪಾಪ, ಅವಳಿಗೂ ಇದು ತಿಳಿಯದು.

ಹೀಗಿರುವಾಗ ಅವರಿಗೆ ಡಿಪೋದ ಕ್ವಾರ್ಟರ್ಸ್‌ನಲ್ಲಿ ಮನೆ ಸಿಕ್ಕಿತು. ಮೇಲಿನ ಮಹಡಿ. ಒಂದು ತುದಿಗೆ ಅಡುಗೆಮನೆ, ಇನ್ನೊಂದು ತುದಿಗೆ ಬಚ್ಚಲು, ನಡುವೆ ಇಬ್ಬರು ಎದುರಾದರೆ ಒಬ್ಬರು ಗೋಡೆಗೆ ಅಂಟಬೇಕಾದಷ್ಟು ಇಕ್ಕಟ್ಟಿನ ಓಣಿ, ಅದರ ಪಕ್ಕಕ್ಕೆ ಮೂರು ಕೋಣೆ. ಬಚ್ಚಲಿನ ಹೀಟರ್ ಬಂದ ವಾರವೇ ಕೆಟ್ಟಿತು. ಒಲೆಯ ಮೇಲೆ ನೀರು ಕಾಯಿಸಿ, ಬಕೆಟ್ಟಿಗೆ ಸುರಿದು, ಓಣಿಯುದ್ದಕ್ಕೂ ಹೊತ್ತು ತರುವ ಕೆಲಸ ಸೊಸೆಗೆ ಬಿತ್ತು. ಅದಕ್ಕೂ ಪದ ಹುಟ್ಟಿತು:

ದಾರಿ ಬಿಡಿ ದಾರಿ ಬಿಡಿ ದೊರೆಸಾನಿ ಬಂದ್ಳು,
ಕೊತಕೊತ ಕುದಿಯೋ ನೀರು ಹೊತ್ತುಕೊಂಡು ಬಂದ್ಳು!

ಮಾವ ಎಲ್ಲಿದ್ದರೂ ಗೋಡೆಗೆ ಬೆನ್ನು ಹಚ್ಚಿ, ಕೈಮುಗಿದು, “ಬನ್ನಿ ದೊರೆಸಾನಿಯವರೇ” ಅನ್ನುತ್ತಿದ್ದರು. ಅತ್ತೆ ಬದುಕಿದ್ದಾಗಲೂ ಆ ಮನೆಯಲ್ಲಿ ಅಷ್ಟು ನಗು ಇರಲಿಲ್ಲ.

ಕೆಳಗಿನ ಮನೆ ಡಿಪೋ ಮ್ಯಾನೇಜರದ್ದು. ಮ್ಯಾನೇಜರ್ ಗುಂಡಗೆ ಇದ್ದರು. ಒಂದು ಬೆಳಿಗ್ಗೆ ತಾರಸಿಯಲ್ಲಿ ಬಟ್ಟೆ ಹರವುತ್ತಿದ್ದ ಸೊಸೆ, ಕೆಳಗೆ ಜೀಪಿಳಿದ ಸಾಹೇಬರನ್ನು ನೋಡಿದಳು. ನಾಲಿಗೆ ಸುಮ್ಮನಿರಲಿಲ್ಲ.

ಕೆಳಗಿನ ಮನೆಯ ಸಾಹೇಬ್ರಿಗಿಂತ ಹೊಟ್ಟೆ ಮುಂದೆ ಹೋಗುತ್ತೆ,
ಸಾಹೇಬ್ರು ಇನ್ನೂ ಗೇಟಲ್ಲಿದ್ರೆ ಹೊಟ್ಟೆ ಬಾಗಿಲು ತಟ್ಟುತ್ತೆ!

ಪಕ್ಕದ ಹಗ್ಗದಲ್ಲಿ ದೊಡ್ಡ ಬೆಡ್‌ಶೀಟೊಂದು ಒಣಗುತ್ತಿತ್ತು. ಅದರ ಹಿಂದೆ ಮ್ಯಾನೇಜರ್ ಹೆಂಡತಿ ಕ್ಲಿಪ್ಪು ಹಾಕುತ್ತ ನಿಂತಿದ್ದರು.

ಆ ದಿನ ಮೆಕ್ಯಾನಿಕ್ ಮನೆಗೆ ಬಂದವನು ಚಹಾ ಕೂಡ ಮುಟ್ಟಲಿಲ್ಲ. ಅವನಿಗೆ ಡಿಪೋದಲ್ಲಿ ‘ಕಿವಿಯಣ್ಣ’ ಅಂತ ಹೆಸರು. ಬಸ್ಸು ಗೇಟಿನೊಳಗೆ ಬರುವಾಗಲೇ ಸದ್ದು ಕೇಳಿ ಬೇರಿಂಗು ಹೋಗಿದೆಯೋ ಬೆಲ್ಟು ಸಡಿಲವಾಗಿದೆಯೋ ಹೇಳಿಬಿಡುತ್ತಿದ್ದ. ಫೋರ್‌ಮನ್ ಹುದ್ದೆ ಖಾಲಿಯಾಗಿತ್ತು, ಸಂದರ್ಶನ ಬರುವ ತಿಂಗಳು. ಹೆಸರು ಶಿಫಾರಸು ಮಾಡಬೇಕಾದವರು ಮ್ಯಾನೇಜರೇ.

“ನಿನ್ನ ಬಾಯಿಗೆ ಬೀಗ ಹಾಕ್ತೀಯೋ ಇಲ್ವೋ?” ಅಂದ, ರಾತ್ರಿ ಎಲ್ಲರೂ ಊಟಕ್ಕೆ ಕೂತಾಗ.

“ಅಯ್ಯೋ, ನಾನು ತಮಾಷೆಗೆ...”

“ತಮಾಷೆಯಂತೆ! ಸಾಹೇಬ್ರು ಎಲ್ರ ಮುಂದೆ ಕೇಳಿದ್ರು, ‘ಏನಯ್ಯ, ನನ್ನ ಹೊಟ್ಟೆ ನಿಮ್ಮನೇಲಿ ಹಾಡಾಗಿದ್ಯಂತೆ’ ಅಂತ. ನೆಲ ಬಾಯ್ಬಿಟ್ಟು ನುಂಗಬಾರದಾ ಅನ್ನಿಸ್ತು ನನಗೆ.”

ಮಗಳು ಕಿಸಕ್ಕನೆ ನಕ್ಕಳು. ಮೊಬೈಲ್ ಅಂಗಡಿಯ ಕೌಂಟರಿನಲ್ಲಿ ದಿನವಿಡೀ ನಿಂತು ಬರುವ ಹುಡುಗಿ, ಅವಳಿಗೆ ನಗಲು ಸಿಗುತ್ತಿದ್ದದ್ದು ಮನೆಯಲ್ಲೇ. “ಸುಳ್ಳು ಹೇಳಿಲ್ವಲ್ಲಪ್ಪ ಅಮ್ಮ,” ಅಂದಳು.

“ನೀನು ಮುಚ್ಕೊಂಡು ಊಟ ಮಾಡು! ಮನೇಲೊಂದು ಸದ್ದು ಬಂತು ಅಂದ್ರೆ ಏನರ್ಥ? ಎಲ್ಲೋ ಏನೋ ಸಡಿಲ ಆಗಿದೆ ಅಂತ. ಬಸ್ಸಿಗೂ ಅಷ್ಟೇ, ಮನೆಗೂ ಅಷ್ಟೇ.”

ಸೊಸೆ ಬಡಿಸುತ್ತಿದ್ದ ಸೌಟನ್ನು ಪಾತ್ರೆಯಲ್ಲಿಟ್ಟಳು. “ಸಡಿಲ ಆಗಿರೋದು ನಾನಾ?”

“ಮತ್ತಿನ್ಯಾರು?”

“ಸರಿ. ಇನ್ನು ಈ ಮನೇಲಿ ನನ್ನ ಬಾಯಿಂದ ಒಂದು ಪದ ಬಂದ್ರೆ ಕೇಳಿ.”

ಮಾವ ತಟ್ಟೆಯಿಂದ ಮುಖವೆತ್ತಿ, “ಲೋ, ಹಾಡಿಕೊಂಡಿರಲಿ ಬಿಡೋ. ನನಗೂ ಹೊತ್ತು ಹೋಗುತ್ತೆ,” ಅಂದರು.

“ನಿಮಗೆ ಹೊತ್ತು ಹೋಗೋಕೆ ನನ್ನ ಪ್ರಮೋಷನ್ ಹೋಗಬೇಕಾ ಅಪ್ಪ?” ಅಂದ ಮಗ. ಮುದುಕರು ಮತ್ತೆ ತಟ್ಟೆಯತ್ತ ಬಗ್ಗಿದರು. ಮಗನ ಅನ್ನ ಉಣ್ಣುವವರು ಎಷ್ಟು ಮಾತಾಡಬಹುದೋ ಅಷ್ಟು ಮಾತಾಡಿದ್ದರು.

ಹೆಂಡತಿಯ ಬಾಯಿ ಮುಚ್ಚಿಸಿ ಕಿವಿಯಣ್ಣ ಸುಮ್ಮನಾಗಬಹುದಿತ್ತು. ಆದರೆ ಸದ್ದನ್ನು ಹುಡುಕಿ ಕೊಲ್ಲುವುದೇ ಅವನ ಕಸುಬು. ಆ ಭಾನುವಾರ ಗ್ರೀಸಿನ ಡಬ್ಬಿ ತಂದು ಬಾಗಿಲು ಬಾಗಿಲಿನ ಕೀಲಿಗೂ ಬಳಿದ. ಹಳೆ ಟ್ಯೂಬು ಕತ್ತರಿಸಿ ಕುರ್ಚಿ, ಮೇಜು, ಮಂಚದ ಕಾಲುಗಳಿಗೆಲ್ಲ ತೊಡಿಸಿದ. ಚಿಲಕಗಳಿಗೆ ಟ್ಯೂಬು ಸುತ್ತಿದ. ಡಿಪೋದ ಗುಜರಿಯಲ್ಲಿ ಬಿದ್ದಿದ್ದ ಬಸ್ಸಿನ ರಬ್ಬರ್ ಮ್ಯಾಟನ್ನು ತೊಳೆದು ತಂದು ಓಣಿಯುದ್ದಕ್ಕೂ ಹಾಸಿದ. ಹೆಂಡತಿಗೆ ಮೆತ್ತನೆಯ ರಬ್ಬರ್ ಚಪ್ಪಲಿ ತಂದುಕೊಟ್ಟ. ಕೆಲಸ ಮುಗಿಸಿ ಓಣಿಯಲ್ಲಿ ಆ ತುದಿಯಿಂದ ಈ ತುದಿಗೆ ನಡೆದು, ಏನೂ ಕೇಳದೆ, ತಾನೇ ತಲೆದೂಗಿದ.

“ಈಗ ನೋಡು, ಹೊಸ ಬಸ್ಸು ಹೋದ ಹಾಗಿದೆ. ಮಾತು ಬೆಳ್ಳಿ, ಮೌನ ಬಂಗಾರ.”

“ಹೌದೌದು,” ಅಂದಳು ಹೆಂಡತಿ. “ಬಂಗಾರದಲ್ಲಿ ಹೂತುಹಾಕಿದ್ದೀರ.”

ಮಾವ ಆ ಮ್ಯಾಟಿನ ಮೇಲೆ ಮೊದಲ ಹೆಜ್ಜೆಯಿಟ್ಟವರು ಅಲ್ಲೇ ನಿಂತುಬಿಟ್ಟರು. ಬಚ್ಚಲ ಹತ್ತಿರ ಒಂದು ಒಡೆದ ಟೈಲ್ಸು, ಕೋಣೆಯ ಬಾಗಿಲಲ್ಲಿ ಒಂದು ಉಬ್ಬು, ಇವು ಅವರ ಪಾದದ ಗುರುತುಗಳು. ಈಗ ಎಲ್ಲ ಒಂದೇ ಸಮ. ಬಾಗಿಲು ತೆರೆದದ್ದು ಕೇಳದು, ಕುರ್ಚಿ ಎಳೆದದ್ದು ಕೇಳದು. ಸೊಸೆ ಎಲ್ಲಿದ್ದಾಳೆ ಅಂತ ನಿಂತಲ್ಲೇ ಕಿವಿಗೊಟ್ಟರು. ಗಾಳಿಯ ಸದ್ದು ಮಾತ್ರ ಬಂತು.

“ಏನಮ್ಮ, ಇವತ್ತೂ ಹಾಡಲ್ವಾ?” ಅಂತ ಖಾಲಿ ಅಡುಗೆಮನೆಯನ್ನು ಕೇಳಿದರು. ಅವಳು ಅವರ ಬೆನ್ನ ಹಿಂದೆಯೇ ನಿಂತಿದ್ದಳು.

“ನಿಮ್ಮ ಮಗನ್ನ ಕೇಳಿ ಮಾವ,” ಅಂದು ಪಕ್ಕಕ್ಕೆ ಸರಿದು ಹೋದಳು. ಅವರ ಮೇಲೆ ಅವಳಿಗೆ ಸಿಟ್ಟಿರಲಿಲ್ಲ. ಸಿಟ್ಟು ಬಂದಾಗ ಯಾರು ಹತ್ತಿರ ಇರುತ್ತಾರೋ ಅವರಿಗೆ ತಗಲುತ್ತದೆ, ಅಷ್ಟೇ.

ದಿನಗಳು ಹೋದವು. ಮಾವ ಹಾಲಿನ ಪಾತ್ರೆಗೆ ಕೈ ತಾಗಿಸಿ ಚೆಲ್ಲಿದರು. ಮೊಮ್ಮಗಳ ಕೋಣೆಯನ್ನು ತಮ್ಮದೆಂದು ಹೊಕ್ಕು ಅವಳ ಇಸ್ತ್ರಿ ಬಟ್ಟೆಯ ಮೇಲೆ ಕೂತರು. ಒಂದು ಮಧ್ಯಾಹ್ನ ಬಚ್ಚಲಿನ ಬಾಗಿಲು ಸಿಗದೆ ಗೋಡೆ ತಡವುತ್ತ ತಡವುತ್ತ ಪಂಚೆಯಲ್ಲೇ ಆಗಿಹೋಯಿತು. ಹೊಸ ರಬ್ಬರ್ ಮ್ಯಾಟು ಒದ್ದೆಯಾಯಿತು. ಸೊಸೆ ಬಾಯಿಬಿಡದೆ ಒರೆಸಿದಳು. ಅವಳು ಒರೆಸುವುದು ಕೂಡ ಕೇಳಿಸದೆ ಮುದುಕರು ಗೋಡೆಗೆ ಮುಖಮಾಡಿ ನಿಂತೇ ಇದ್ದರು.

“ಅರವತ್ತಕ್ಕೆ ಅರಳು ಮರಳು ಅಂತಾರೆ. ಅಪ್ಪನಿಗೆ ಸ್ವಲ್ಪ ತಡವಾಗಿ ಬಂದಿದೆ,” ಅಂದ ಕಿವಿಯಣ್ಣ ಊಟಕ್ಕೆ ಕೂತಾಗ.

“ಮೆಲ್ಲಗೆ ಮಾತಾಡಿ, ಕೇಳಿಸುತ್ತೆ.”

“ಕೇಳಿಸ್ಲಿ. ಡಾಕ್ಟ್ರಿಗೆ ತೋರಿಸೋಣ, ಸಂದರ್ಶನ ಮುಗೀಲಿ.”

ಆ ಮನೆಯಲ್ಲಿ ಆಗ ಎಲ್ಲವೂ ಸಂದರ್ಶನ ಮುಗಿದ ಮೇಲೆಯೇ. ಹೀಟರಿನ ಬಗ್ಗೆ ಆಫೀಸಿಗೆ ಹೇಳುವುದೂ ಸಂದರ್ಶನ ಮುಗಿದ ಮೇಲೆ, ಈಗ ದೂರು ಕೊಟ್ಟರೆ ತಕರಾರಿನವನು ಅಂದುಕೊಳ್ಳುತ್ತಾರೆ. ಊರ ಬಸ್ಸುಗಳನ್ನೆಲ್ಲ ರಿಪೇರಿ ಮಾಡುವವನು ಅದನ್ನು ತಾನೇ ಬಿಚ್ಚಿ ನೋಡಬಹುದಿತ್ತು. ಕ್ವಾರ್ಟರ್ಸ್ ಸಾಮಾನಿಗೆ ಕೈ ಹಾಕಬಾರದೆಂದು ನಿಯಮ ಅಂದ.

ಮಗಳಿಗೆ ವಿಷಯ ತಿಳಿದದ್ದು ಒಂದು ರಜೆಯ ದಿನ. ಅಜ್ಜನ ಮುಂದೆ ಚಹಾದ ಲೋಟ ಇಟ್ಟಳು. ಅಜ್ಜ ಲೋಟದ ಈಚೆ ಬದಿ ತಡವಿದರು, ಆಚೆ ಬದಿ ತಡವಿದರು. ಅವಳು ಉಸಿರು ಬಿಗಿಹಿಡಿದು ಅವರ ಕಣ್ಣ ಮುಂದೆ ಕೈ ಆಡಿಸಿದಳು. ರೆಪ್ಪೆ ಅಲುಗಲಿಲ್ಲ.

“ಅಜ್ಜ, ನಾನೀಗ ಏನ್ ಮಾಡ್ತಿದೀನಿ ಹೇಳು?”

“ಇನ್ನೇನು, ನಗ್ತಾ ನಿಂತಿದೀಯ. ನೀನು ಯಾವಾಗ ನಗಲ್ಲ?”

ಹುಡುಗಿಯ ಕಣ್ಣಿಂದ ನೀರು ಇಳಿಯುತ್ತಿತ್ತು. “ಎಷ್ಟು ದಿನದಿಂದ ಅಜ್ಜ?”

“ಹಳೇ ಮನೇಲಿದ್ದಾಗ್ಲೇ ಹೋಯ್ತು ಕಣೇ ಪುಟ್ಟಿ. ನಿಮ್ಮಮ್ಮನ ಪದ ಇತ್ತಲ್ಲ, ಸಾಕಾಗಿತ್ತು ನನಗೆ. ಆ ದನಿ ಹಿಡ್ಕೊಂಡೇ ಓಡಾಡ್ತಿದ್ದೆ. ಈಗ ಬಾವಿಗೆ ಬಿದ್ದ ಹಾಗಾಗಿದೆ,” ಅಂದರು.

“ನಾನೀಗ್ಲೇ ಅಪ್ಪನಿಗೆ ಹೇಳ್ತೀನಿ.”

ಅಜ್ಜ ಅವಳ ಮಣಿಕಟ್ಟು ಹಿಡಿದುಕೊಂಡರು. “ಬೇಡ. ನಿಮ್ಮಪ್ಪ ನನ್ನ ಕುರ್ಚಿಗೆ ಕೂರಿಸಿಬಿಡ್ತಾನೆ. ಹೊತ್ತುಹೊತ್ತಿಗೆ ತಟ್ಟೆ ತಂದಿಡ್ತಾರೆ, ಆಮೇಲೆ ಬೆಡ್‌ಪ್ಯಾನು ತರ್ತಾರೆ. ನನಗೆ ನಡೆದಾಡೋದು ಒಂದೇ ಉಳಿದಿರೋದು. ನನ್ನ ಮೇಲೆ ಆಣೆ ಇಡು.”

ಅವಳು ಆಣೆಯಿಟ್ಟಳು. ಇಡಬಾರದಿತ್ತು. ಆದರೆ ಎಂದೂ ಏನನ್ನೂ ಬೇಡದ ಅಜ್ಜ ಬೇಡುವಾಗ ಇಲ್ಲವೆನ್ನಲು ಯಾವ ಮೊಮ್ಮಗಳಿಗೆ ಬಾಯಿ ಬರುತ್ತದೆ?

ಆಣೆ ಮುರಿಯದೆ ಕೆಲಸ ಮಾಡಿಸಲು ನೋಡಿದಳು. ಹಾವೂ ಸಾಯಬೇಕು, ಕೋಲೂ ಮುರಿಯಬಾರದು.

“ಅಮ್ಮ, ಮೊದಲಿನ ಹಾಗೆ ಹಾಡಮ್ಮ. ಮೆಲ್ಲಗಾದ್ರೂ.”

“ಯಾಕೆ? ರೇಡಿಯೋ ಕೆಟ್ಟಿದೆ.”

“ಅಜ್ಜನಿಗೆ ಬೇಜಾರಂತೆ.”

“ನನಗಿಲ್ವಾ ಬೇಜಾರು?” ಸೊಸೆ ತಿರುಗಿ ನಿಂತಳು. “ಇಷ್ಟು ವರ್ಷ ಈ ಮನೇಲಿ ಬೆಂದಿದೀನಿ. ಒಡವೆ ಕೇಳಿಲ್ಲ, ಸೀರೆ ಕೇಳಿಲ್ಲ. ನನ್ನದು ಅಂತ ಇದ್ದದ್ದು ಅದೊಂದು. ಅದನ್ನ ಸಡಿಲ ಬೋಲ್ಟು ಅಂದ್ರಲ್ಲ ನಿಮ್ಮಪ್ಪ. ಬಾಯ್ಬಿಟ್ಟು ‘ತಪ್ಪಾಯ್ತು, ಹಾಡು’ ಅನ್ಲಿ. ಅಲ್ಲೀವರೆಗೂ ಇಲ್ಲ.”

ಮಗಳು ಅಪ್ಪನ ಹತ್ತಿರ ಹೋದಳು. “ಅಪ್ಪ, ಅಮ್ಮನಿಗೆ ಹಾಡು ಅಂತ ಹೇಳು.”

“ಸಂದರ್ಶನ ಮುಗೀಲಿ.”

“ಅಷ್ಟರಲ್ಲಿ ಏನಾದ್ರೂ ಆದ್ರೆ?”

“ಹಾಡದೇ ಇದ್ರೆ ಏನೇ ಆಗೋದು? ಹಾಡದೆ ಯಾರಾದ್ರೂ ಸತ್ತಿದಾರಾ?”

ಸಂದರ್ಶನದ ದಿನ ಬಂತು. ಕಿವಿಯಣ್ಣ ಎಂದಿಗಿಂತ ಬೇಗ ಎದ್ದು ಕೋಣೆಯಲ್ಲಿ ಅಂಗಿಗೆ ಇಸ್ತ್ರಿ ಹಾಕುತ್ತ ನಿಂತ. “ನೀರು ತಾರೇ, ಹೊತ್ತಾಯ್ತು,” ಅಂತ ಕೋಣೆಯಿಂದಲೇ ಅಂದ. ಮೆಲ್ಲಗೆ ಅನ್ನುವುದು ಈಗ ಅವನಿಗೂ ರೂಢಿಯಾಗಿತ್ತು. ಅವತ್ತು ಅಷ್ಟು ಬೇಗ ಬಿಸಿನೀರು ಬರುತ್ತದೆಂದು ಮಾವನಿಗೆ ತಿಳಿಯದು. ಬಚ್ಚಲಿಗೆ ಹೋಗಿದ್ದವರು ವಾಪಸು ಹೊರಟಿದ್ದರು, ಗೋಡೆ ತಡವುತ್ತ, ಓಣಿಯ ನಟ್ಟನಡುವೆ.

ಸೊಸೆ ಕುದಿಯುವ ನೀರಿನ ಬಕೆಟ್ಟು ಎರಡೂ ಕೈಯಲ್ಲಿ ಹಿಡಿದು, ಹಬೆಗೆ ಮುಖ ಪಕ್ಕಕ್ಕೆ ತಿರುಗಿಸಿಕೊಂಡು ಬಂದಳು. ರಬ್ಬರ್ ಚಪ್ಪಲಿ, ರಬ್ಬರ್ ಮ್ಯಾಟು. ಮಾವ ಬರುತ್ತಿರುವುದನ್ನು ಓರೆಗಣ್ಣಲ್ಲಿ ಕಂಡಳು. ಅವರು ಎಂದಿನ ಹಾಗೆ ಗೋಡೆಗೆ ಸರಿಯುತ್ತಾರೆ ಅಂದುಕೊಂಡಳು. ಸರಿಯಲಿಲ್ಲ. ನೇರ ಬಂದರು, ಮೊಣಕಾಲು ಬಕೆಟ್ಟಿಗೆ ಬಡಿಯಿತು.

ನೀರು ಹಿಂದಕ್ಕೆ ತಿರುಗಿ ಅವಳ ಮೇಲೆಯೇ ಸುರಿಯಿತು, ತೊಡೆಯಿಂದ ಪಾದದವರೆಗೆ. ಅವಳು ಕೂಗಿದಳೇ? ಒಂದು ಸಲ ಬಾಯಿ ತೆರೆದಳು, ಆಮೇಲೆ ಸೆರಗು ಕಚ್ಚಿಕೊಂಡಳು. ಕೆಳಗಿನ ಮನೆಗೆ ಕೇಳಿಸುತ್ತದೆ ಅನ್ನುವುದು ಆ ಉರಿಯಲ್ಲೂ ಅವಳಿಗೆ ನೆನಪಿತ್ತು. ಬರೆಯುವಾಗ ನನಗೆ ಇದಕ್ಕಿಂತ ಹೆಚ್ಚು ಸಿಟ್ಟು ತರಿಸಿದ್ದು ಈ ಕಥೆಯಲ್ಲಿ ಬೇರೆ ಇಲ್ಲ.

ಮಾವ ಒದ್ದೆ ಮ್ಯಾಟಿನ ಮೇಲೆ ಕುಕ್ಕರಿಸಿ, ಬಿಸಿನೀರು ತಾಗಿ ಸುಟ್ಟ ಬೆರಳುಗಳನ್ನು ಗಾಳಿಯಲ್ಲಿ ಆಡಿಸುತ್ತ ಕೇಳುತ್ತಿದ್ದರು. “ಯಾರು? ಯಾರಿಗೆ ಬಿತ್ತು? ಯಾರಮ್ಮ ಅದು?”

ಕಿವಿಯಣ್ಣ ಓಡಿಬಂದ. ಹೆಂಡತಿಯನ್ನು ನೋಡಿದ, ಅಪ್ಪನನ್ನು ನೋಡಿದ. “ಎದುರಿಗೆ ಬಕೆಟ್ಟು ಬರ್ತಿರೋದು ಕಾಣಲ್ವಾ ನಿಮಗೆ?” ಅಂತ ಅರಚಿದ.

“ಕಾಣಲ್ಲ ಕಣೋ,” ಅಂದರು ಅಪ್ಪ. “ಏನೂ ಕಾಣಲ್ಲ.”

ಆಸ್ಪತ್ರೆಯ ಕಾರಿಡಾರಿನಲ್ಲಿ ಮಗಳು ಎಲ್ಲವನ್ನೂ ಹೊರಹಾಕಿದಳು. ಓಡಾಡುವ ನರ್ಸುಗಳನ್ನೂ ಲೆಕ್ಕಿಸಲಿಲ್ಲ.

“ಸದ್ದು ಕೇಳಿದ್ರೆ ರೋಗ ಹೇಳ್ತೀಯಲ್ಲಪ್ಪ ನೀನು! ಅಜ್ಜ ಗೋಡೆ ತಡವೋ ಸದ್ದು ಕೇಳಿಸ್ಲಿಲ್ವಾ? ಅಮ್ಮನ ಹಾಡೇ ಅವರಿಗೆ ಕಣ್ಣಾಗಿತ್ತು!”

“ನಿನಗೆ ಗೊತ್ತಿತ್ತಾ?”

“ಗೊತ್ತಿತ್ತು.”

“ಯಾಕೆ ಹೇಳಲಿಲ್ಲ?”

ಬೆಂಚಿನ ಆ ತುದಿಯಲ್ಲಿ ಅಪ್ಪ, ಈ ತುದಿಯಲ್ಲಿ ಮಗಳು ಕೂತರು. ಇಬ್ಬರೂ ಅತ್ತರು, ಬೇರೆ ಬೇರೆಯಾಗಿ.

ಸಂದರ್ಶನ ತಪ್ಪಿತ್ತು. ಆದರೂ ಮ್ಯಾನೇಜರ್ ಅವನ ಹೆಸರನ್ನೇ ಬರೆದು ಕಳಿಸಿದರು. ಫೋರ್‌ಮನ್ ಆದೇಶವನ್ನು ಡಿಪೋದವರು ವಾರ್ಡಿಗೇ ತಂದು ಕೈಗಿತ್ತರು. ಅವನು ಅದನ್ನು ಹೆಂಡತಿಗೆ ತೋರಿಸಿದ. ಅವಳು ಬ್ಯಾಂಡೇಜು ಸುತ್ತಿದ ಕಾಲುಗಳನ್ನೇ ನೋಡುತ್ತ, “ಒಳ್ಳೇದಾಯ್ತು,” ಅಂದಳು.

ಮ್ಯಾನೇಜರ್ ಹೆಂಡತಿ ಹಣ್ಣಿನ ಚೀಲ ಹಿಡಿದು ಬಂದರು. ಕೆಟ್ಟವರೇನಲ್ಲ. “ಅಯ್ಯೋ, ನಾನು ದೂರು ಹೇಳಿದ್ದಲ್ಲಮ್ಮ, ನಗು ಬಂದು ನಮ್ಮನೆಯವರಿಗೆ ಹೇಳಿದ್ದು. ಅವ್ರೂ ನಕ್ಕಿದ್ರು. ನೀವು ಧಾರಾಳವಾಗಿ ಹಾಡ್ಕೊಳ್ಳಿ,” ಅಂದರು. ಹೀಟರನ್ನೂ ಅವರೇ ಹೇಳಿ ರಿಪೇರಿ ಮಾಡಿಸಿದ್ದರು. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರು.

ಅವಳು ಮನೆಗೆ ಬರುವ ಹೊತ್ತಿಗೆ ಗಂಡ ಮ್ಯಾಟು ಕಿತ್ತೆಸೆದಿದ್ದ. ಕುರ್ಚಿ ಕಾಲಿನ ಟ್ಯೂಬುಗಳನ್ನೂ ಬಿಚ್ಚಿದ್ದ. ಗ್ರೀಸು ಮಾತ್ರ ಎಷ್ಟು ಒರೆಸಿದರೂ ಹೋಗಿರಲಿಲ್ಲ. ಅವಳ ಒಂದು ಕಾಲಿನ ಚರ್ಮ ಎಳೆದುಕೊಂಡು ಮಂಡಿ ಪೂರ್ತಿ ಮಡಚುತ್ತಿರಲಿಲ್ಲ. ವಾಕರ್ ಹಿಡಿದು ನಡೆಯಬೇಕು. ಡಾಕ್ಟರು ಇನ್ನೆಷ್ಟು ದಿನ ಅಂತ ಹೇಳಲಿಲ್ಲ.

ಮಾವ ಕಿಟಕಿ ಪಕ್ಕದ ಕುರ್ಚಿಯಲ್ಲಿ ಕೂತಿದ್ದರು. ಕೂರಿಸಿದವರು ಯಾರೂ ಅಲ್ಲ. ಅವತ್ತಿನಿಂದ ತಾವಾಗಿಯೇ ಕೂತವರು, ಹೊತ್ತುಹೊತ್ತಿಗೆ ಯಾರಾದರೂ ಕೈಹಿಡಿದು ಕರೆದೊಯ್ದರೆ ಮಾತ್ರ ಏಳುತ್ತಿದ್ದರು. ಕೋಲು ತಂದುಕೊಟ್ಟರೆ ಮುಟ್ಟಲಿಲ್ಲ. ಮೊಮ್ಮಗಳು ಎಳೆದರೆ, “ಬೇಡ ಪುಟ್ಟಿ, ಇನ್ಯಾರನ್ನ ಸುಡಲಿ?” ಅನ್ನುತ್ತಿದ್ದರು.

“ನೀನು ಒಂದು ಪದ ಹಾಡು,” ಅಂದ ಗಂಡ, ಅಡುಗೆಮನೆಯ ಬಾಗಿಲಲ್ಲಿ ನಿಂತು, ತಲೆ ಎತ್ತದೆ. “ತಪ್ಪಾಯ್ತು ಕಣೇ. ನಿನ್ನ ದನಿ ಕೇಳಿದ್ರೆ ಅಪ್ಪ ಎದ್ದು ಓಡಾಡ್ತಾರೆ.”

ಅವಳು ಕೇಳಬೇಕೆಂದಿದ್ದ ಮಾತು ಅದೇ. ಕೇಳಿ ಏನೂ ಅನ್ನಿಸಲಿಲ್ಲ. ಆದರೂ ಮಾವನ ಮೇಲಿನ ಮಮತೆಗೆ ವಾಕರ್ ಹಿಡಿದು ಅಡುಗೆಮನೆಯಿಂದ ಹೊರಟಳು. ಎಷ್ಟೋ ದಿನ ಮುಚ್ಚಿದ್ದ ಗಂಟಲು ಮೊದಲು ಕರಕರ ಅಂದಿತು. ಪದ ಬರಲಿಲ್ಲ. ಬರೀ ರಾಗ ತೆಗೆದಳು. ಆಮೇಲೆ ತನ್ನ ವಾಕರ್ ಮೇಲೆ, ಅದರ ನಾಲ್ಕು ಕಾಲಿನ ಮೇಲೆ, ಎರಡು ಸಾಲು ಹೇಗೋ ಕೂಡಿಬಂತು. ಮಗಳು ಚಪ್ಪಾಳೆ ತಟ್ಟಿದಳು. ಗಂಡ ಗೋಡೆಗೆ ಒರಗಿ ನಿಂತು ಕೇಳಿದ.

ಮಾವನ ಮುಖ ದನಿ ಬಂದ ಕಡೆಗೆ ತಿರುಗಿತು. ಅವಳಿಗೆ ಜೀವ ಬಂದ ಹಾಗಾಯಿತು. ಇನ್ನಷ್ಟು ಗಟ್ಟಿಯಾಗಿ ಹಾಡುತ್ತ, ಕಾಲೆಳೆಯುತ್ತ, ಓಣಿ ದಾಟಿ ಕೋಣೆಗೆ ಬಂದಳು.

“ಬಂದ್ಯೇನಮ್ಮ,” ಅಂದರು ಮಾವ. “ಹಾಡ್ತಾನೇ ಇರು. ನಿಲ್ಲಿಸಬೇಡ. ನೀನು ಎಲ್ಲಿದೀಯ ಅಂತ ನನಗೆ ಗೊತ್ತಾಗ್ತಿರಬೇಕು.”

“ಹೂಂ ಮಾವ, ಏಳಿ. ನನ್ನ ಹಿಂದೆ ಬನ್ನಿ.”

ಅವರು ಬೇಡವೆಂದು ತಲೆಯಾಡಿಸಿದರು. ಅವಳು ಇನ್ನೊಂದು ಹೆಜ್ಜೆ ಹತ್ತಿರ ಬಂದಳು. ದನಿ ಹತ್ತಿರವಾದಂತೆ ಮುದುಕರು ಎರಡೂ ಪಾದಗಳನ್ನು ಮೇಲೆತ್ತಿ ಕುರ್ಚಿಯೊಳಗೆ ಎಳೆದುಕೊಂಡು, ಮಂಡಿಗಳನ್ನು ಎದೆಗೆ ಅವಚಿ, ಅವಳಿಗೆ ತಾಗದಷ್ಟು ಚಿಕ್ಕದಾಗಿ ಕೂತರು.